ವಿಡಿಯೋ ಗೇಮ್‌ಗಳ ಸಾಹಿತ್ಯಾಧ್ಯಯನ: ಜಾನಪದ ದೃಷ್ಟಿಯಿಂದ ಒಂದು ವಿವೇಚನೆ

ಜನಪದ ಆಟಗಳನ್ನು ಕುರಿತ ಕನ್ನಡದ ಸಂಗ್ರಹಗಳನ್ನು ಪರಿಶೀಲಿಸಿದಾಗ ಒಂದು ವಿಭಜನೆ ಎದ್ದು ಕಾಣುತ್ತದೆ. ಆಟದ ಹೆಸರು, ಆಡುವವರ ಸಂಖ್ಯೆ, ಬೇಕಾದ ಸಲಕರಣೆ, ಆಡುವ ಕ್ರಮ, ಸೋಲು-ಗೆಲುವಿನ ನಿರ್ಣಯ ಇವು ಆಟಗಳ ಪುಸ್ತಕಕ್ಕೆ ಸೇರುತ್ತವೆ. ಅದೇ ಆಟದ ನಡುವೆ ಮಕ್ಕಳು ಹೇಳುವ ಪ್ರಾಸ ಮಾತ್ರ ಅಲ್ಲಿಂದ ಬೇರ್ಪಟ್ಟು, ಶಿಶುಪ್ರಾಸ ಎಂಬ ಶೀರ್ಷಿಕೆಯಡಿ ಜನಪದ ಸಾಹಿತ್ಯದ ಪುಸ್ತಕಕ್ಕೆ ಹೋಗುತ್ತದೆ. ಕಣ್ಣಾಮುಚ್ಚಾಲೆಯ ಪ್ರಾಸವನ್ನೇ ತೆಗೆದುಕೊಳ್ಳಬಹುದು. ಪುಸ್ತಕದಲ್ಲಿ ಓದುವವರಿಗೆ ಅದು ಅರ್ಥಕ್ಕಿಂತ ನಾದವನ್ನು ನೆಚ್ಚಿದ ಪುಟ್ಟ ಪದ್ಯ. ಆಟದ ಬಯಲಿನಲ್ಲಿ ಅದು ಗಡಿಯಾರ. ಪ್ರಾಸವನ್ನು ಹೇಳಿ ಮುಗಿಸುವಷ್ಟು ಹೊತ್ತು ಮಾತ್ರ ಅಡಗುವವರಿಗೆ ಅವಕಾಶ. ಅವಸರದಿಂದ ಹೇಳಿದರೆ ಜಗಳ, ನಿಧಾನಿಸಿದರೆ ಅಡಗುವವರಿಗೆ ಲಾಭ. ಅದರ ಕೊನೆಯ ಸಾಲು ಹುಡುಕಾಟ ಆರಂಭವಾಯಿತೆಂಬ ಘೋಷಣೆಯೂ ಹೌದು. ಹೀಗೆ ಪದ್ಯದ ಉದ್ದ, ಲಯ, ಮುಕ್ತಾಯಗಳೆಲ್ಲ ಆಟದ ನಿಯಮಗಳೇ ಆಗಿರುವಾಗ ಪದ್ಯವನ್ನು ನಿಯಮದಿಂದ ಕಿತ್ತು ಸಾಹಿತ್ಯವೆಂದು ಅಚ್ಚುಮಾಡಿದರೆ ಉಳಿಯುವುದು ಅರ್ಧ ಸಾಹಿತ್ಯ, ಅರ್ಧ ಆಟ.

ಈ ವಿಭಜನೆಯನ್ನು ಇಲ್ಲಿ ನೆನೆಯಲು ಕಾರಣವಿದೆ. ವಿಡಿಯೋ ಗೇಮ್‌ಗಳನ್ನು ಸಾಹಿತ್ಯದ ಒಂದು ಪ್ರಕಾರವೆಂದು ಅಭ್ಯಸಿಸಬಹುದೇ, ತರಗತಿಯಲ್ಲಿ ಬೋಧಿಸಬಹುದೇ ಎಂಬ ಪ್ರಶ್ನೆ ಯುರೋಪು ಮತ್ತು ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ ಕಳೆದ ನಾಲ್ಕು ದಶಕಗಳಿಂದ ಚರ್ಚೆಯಲ್ಲಿದೆ. ಆ ಚರ್ಚೆಯ ಬಹುಭಾಗವೂ ಕಣ್ಣಾಮುಚ್ಚಾಲೆಯ ಪ್ರಾಸಕ್ಕೆ ಒದಗಿದ ಗತಿಯನ್ನೇ ವಿಡಿಯೋ ಗೇಮ್‌ಗೂ ತಂದಿತು. ಕಥೆಯನ್ನು ಒಬ್ಬರು, ನಿಯಮವನ್ನು ಇನ್ನೊಬ್ಬರು ಹಂಚಿಕೊಂಡರು. ಪ್ರದರ್ಶನವನ್ನೇ ಪಠ್ಯವೆಂದು ಭಾವಿಸಿ ಅಭ್ಯಸಿಸುವ ಜಾನಪದ ಅಧ್ಯಯನಶಿಸ್ತಿಗೆ ಈ ಪ್ರಶ್ನೆಯಲ್ಲಿ ಹೇಳುವುದೇನಾದರೂ ಇದೆಯೇ ಎಂಬುದು ಪ್ರಸ್ತುತ ವಿವೇಚನೆಯ ವಿಷಯ.

ಚರ್ಚೆಯ ಮೂಲ ಪಠ್ಯವಾಗಿ ಸಾಮಾನ್ಯವಾಗಿ ಎಲ್ಲರೂ ಹಿಡಿಯುವುದು 'ಅಡ್ವೆಂಚರ್' ಎಂಬ ಗಣಕಯಂತ್ರದ ಆಟವನ್ನು. ಅಮೆರಿಕದ ಕೆಂಟಕಿ ರಾಜ್ಯದ ಮ್ಯಾಮತ್ ಗುಹೆಗಳನ್ನು ಅನ್ವೇಷಿಸಿ ನಕ್ಷೆ ಮಾಡಿದ ಅನುಭವವಿದ್ದ ವಿಲ್ ಕ್ರೌದರ್ 1970ರ ದಶಕದ ಮಧ್ಯದಲ್ಲಿ ಇದನ್ನು ರಚಿಸಿದರು. 1977ರಲ್ಲಿ ಡಾನ್ ವುಡ್ಸ್ ವಿಸ್ತರಿಸಿದರು. ಚಿತ್ರವಿಲ್ಲ, ಧ್ವನಿಯಿಲ್ಲ. ಯಂತ್ರವು ಆಡುವವರನ್ನು ಮಧ್ಯಮಪುರುಷದಲ್ಲಿ ಸಂಬೋಧಿಸಿ ಅವರು ಎಲ್ಲಿ ನಿಂತಿದ್ದಾರೆಂದು ವರ್ಣಿಸುತ್ತದೆ. ಅವರು ಒಂದೆರಡು ಪದಗಳಲ್ಲಿ ಏನು ಮಾಡಬೇಕೆಂದು ಬೆರಳಚ್ಚಿಸುತ್ತಾರೆ. ಒಬ್ಬರು ಮಾಡಿದ್ದನ್ನು ಇನ್ನೊಬ್ಬರು ಕಂಡು, ಕರ್ತೃವನ್ನು ಹುಡುಕಿ ಒಪ್ಪಿಗೆ ಪಡೆದು ಬೆಳೆಸಿದ ಈ ಆಟದ ಹುಟ್ಟಿನ ಕಥೆಯೇ ಒಂದು ಪಾಠಾಂತರದ ಇತಿಹಾಸದಂತಿದೆ. 1985ರಲ್ಲಿ ಮೇರಿ ಆನ್ ಬಕಲ್ಸ್ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಯಾನ್ ಡಿಯಾಗೊ ಕೇಂದ್ರದಲ್ಲಿ ಇದೇ ಆಟವನ್ನು ಕುರಿತು ಡಾಕ್ಟರೇಟ್ ಪ್ರಬಂಧ ಬರೆದರು. ಈ ವಿಷಯದ ಆರಂಭಿಕ ಪ್ರಬಂಧಗಳಲ್ಲಿ ಇದು ಮುಖ್ಯವಾದುದು.

1997ರಲ್ಲಿ ಎರಡು ಗ್ರಂಥಗಳು ಬಂದವು. ಜಾನೆಟ್ ಮರ್ರಿಯವರ 'ಹ್ಯಾಮ್ಲೆಟ್ ಆನ್ ದಿ ಹಾಲೊಡೆಕ್' ಗಣಕಯಂತ್ರವನ್ನು ಕಥನದ ಹೊಸ ಮಾಧ್ಯಮವೆಂದು ಸ್ವಾಗತಿಸಿತು. ನಾರ್ವೆಯ ಎಸ್ಪೆನ್ ಆರ್ಸೆತ್ ಅವರ 'ಸೈಬರ್‌ಟೆಕ್ಸ್ಟ್' ಪುಟ ಮಗುಚುವುದಕ್ಕಿಂತ ಮಿಗಿಲಾದ ಶ್ರಮವನ್ನು ಓದುಗರಿಂದ ಬೇಡುವ ಪಠ್ಯಗಳನ್ನು ಒಂದು ವರ್ಗವಾಗಿ ಗುರುತಿಸಿತು. 2001ರಲ್ಲಿ 'ಗೇಮ್ ಸ್ಟಡೀಸ್' ಎಂಬ ಪತ್ರಿಕೆ ಆರಂಭವಾದಾಗ ಆರ್ಸೆತ್ ಅವರೇ ಆ ವರ್ಷವನ್ನು ಹೊಸ ಅಧ್ಯಯನಶಿಸ್ತಿನ ಮೊದಲ ವರ್ಷವೆಂದು ಕರೆದರು. ಸಾಹಿತ್ಯ ಮತ್ತು ಚಲನಚಿತ್ರ ವಿಭಾಗಗಳು ಆಟವನ್ನು ತಮ್ಮ ಕ್ಷೇತ್ರದ ವಿಸ್ತರಣೆಯೆಂದು ಒಳಗೆ ಹಾಕಿಕೊಳ್ಳುತ್ತವೆ ಎಂಬ ಆತಂಕ ಆ ಪೀಳಿಗೆಯಲ್ಲಿ ಬಲವಾಗಿತ್ತು. ಉರುಗ್ವೆಯ ಗೊನ್ಸಾಲೊ ಫ್ರಾಸ್ಕಾ, ಫಿನ್ಲೆಂಡಿನ ಮಾರ್ಕು ಎಸ್ಕೆಲಿನೆನ್ ಮೊದಲಾದವರು ಆಟವನ್ನು ಆಟವಾಗಿಯೇ ನೋಡಬೇಕೆಂದು ವಾದಿಸಿದರು. ಅವರ ದೃಷ್ಟಿಯಲ್ಲಿ ಕಥೆಯೆಂಬುದು ಆಟಕ್ಕೆ ಹೊದಿಸಿದ ಬಟ್ಟೆ. ಬಟ್ಟೆ ಬದಲಾದರೂ ಆಟ ಬದಲಾಗದು.

ಈ ಕೊನೆಯ ಮಾತು ಸಂಪೂರ್ಣ ಒಪ್ಪತಕ್ಕದ್ದಲ್ಲ. ಅದನ್ನು ಪರೀಕ್ಷಿಸಲು ಭಾರತದ ಹಳೆಯ ಆಟವೊಂದು ಸಾಕು. ಪರಮಪದ ಸೋಪಾನ ಪಟವು ವೈಕುಂಠ ಏಕಾದಶಿಯ ಜಾಗರಣೆಯಲ್ಲಿ ಆಡುವ ಆಟವೆಂದು ದಕ್ಷಿಣ ಭಾರತದ ಅನೇಕ ಮನೆಗಳಲ್ಲಿ ಪರಿಚಿತ. ಇದರ ಮನೆಗಳಿಗೆ ಗುಣಗಳ, ದೋಷಗಳ, ಲೋಕಗಳ ಹೆಸರುಗಳಿವೆ. ಏಣಿಯ ಬುಡದಲ್ಲಿ ಒಂದು ಸದ್ಗುಣ, ಹಾವಿನ ಬಾಯಲ್ಲಿ ಒಂದು ದುರ್ಗುಣ, ತುದಿಯಲ್ಲಿ ಪರಮಪದ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಇಂಗ್ಲೆಂಡಿಗೆ ಹೋದ ಈ ಆಟ ಮೊದಲು ಅಲ್ಲಿಯ ಕಾಲದ ನೀತಿಗಳನ್ನು ಮನೆಗಳಲ್ಲಿ ಬರೆದುಕೊಂಡಿತು. ಆಮೇಲೆ ಅದನ್ನೂ ಬಿಟ್ಟು ಕೇವಲ ಅಂಕಿಗಳನ್ನು ಉಳಿಸಿಕೊಂಡು 'ಹಾವು ಏಣಿ' ಆಯಿತು. ದಾಳ ಅದೇ, ಚಲನೆ ಅದೇ. ಬಟ್ಟೆ ಮಾತ್ರ ಕಳಚಿತು ಎಂದು ಹೇಳಬೇಕಾದ ಜಾಗ ಇದು. ಆದರೆ ಕರ್ಮ ಮತ್ತು ಕೃಪೆಗಳ ಬಗ್ಗೆ ಏನನ್ನೋ ಹೇಳುತ್ತಿದ್ದ ಪಟವು ಅದೃಷ್ಟವೊಂದನ್ನೇ ಹೇಳುವ ಪಟವಾಗಿ ಉಳಿದುದು ಸಣ್ಣ ಬದಲಾವಣೆಯಲ್ಲ. ಇದಕ್ಕೆ ವಿರುದ್ಧ ದಿಕ್ಕಿನ ಪರೀಕ್ಷೆಯೂ ಸಾಧ್ಯ. ಪಟದ ಮೇಲಿನ ಹೆಸರುಗಳನ್ನಷ್ಟೇ ಒಂದು ಹಾಳೆಗೆ ಇಳಿಸಿದರೆ ದೊರೆಯುವುದು ಗುಣದೋಷಗಳ ಪಟ್ಟಿ. ಗುರಿಯ ಸಮೀಪಕ್ಕೆ ಹೋದವರು ಒಂದೇ ದೋಷದಿಂದ ಬುಡಕ್ಕೆ ಬೀಳುವ ಭಯ ಆ ಪಟ್ಟಿಯಲ್ಲಿಲ್ಲ. ಅದಿರುವುದು ದಾಳ ಉರುಳುವ ಕ್ಷಣದಲ್ಲಿ. ಆಟದ ನಿಯಮಗಳೇ ವಾದವನ್ನು ಹೂಡುತ್ತವೆ ಎಂದು ಇಯಾನ್ ಬೊಗೋಸ್ಟ್ ಅವರು 2007ರ 'ಪರ್ಸುವೇಸಿವ್ ಗೇಮ್ಸ್' ಗ್ರಂಥದಲ್ಲಿ ಪ್ರತಿಪಾದಿಸಿದ್ದನ್ನು ಈ ಪಟ ಬಹು ಹಿಂದೆಯೇ ಆಡಿ ತೋರಿಸಿತ್ತು. ಮುಮ್ಮಡಿ ಕೃಷ್ಣರಾಜ ಒಡೆಯರ ಶ್ರೀತತ್ತ್ವನಿಧಿಯ ಒಂಬತ್ತು ನಿಧಿಗಳಲ್ಲಿ ಒಂದಾದ ಕೌತುಕನಿಧಿಯು ಆಟಗಳಿಗೆ ಮೀಸಲಾಗಿದೆ ಎಂಬುದೂ ಇಲ್ಲಿ ಸ್ಮರಣೀಯ. ದೇವತೆಗಳ ಧ್ಯಾನಶ್ಲೋಕಗಳಿರುವ ಅದೇ ಗ್ರಂಥದೊಳಗೆ ಪಟದಾಟವೂ ಚೀಟಿಯಾಟವೂ ಜಾಗ ಪಡೆದಿವೆ. ಆಸ್ಥಾನದ ವಿದ್ವಾಂಸರಿಗೆ ಇರದಿದ್ದ ಸಂಕೋಚ ಇಂದಿನ ಪಠ್ಯಕ್ರಮ ಸಮಿತಿಗಳಿಗೆ ಇರಬೇಕಾದುದಿಲ್ಲ.

ಇತ್ತ ಮರ್ರಿಯವರ ಗ್ರಂಥದ ಬಗ್ಗೆ ಜಾನಪದ ವಿದ್ವಾಂಸರು ವಿಶೇಷವಾಗಿ ಗಮನಿಸಬೇಕಾದ ಒಂದಂಶವಿದೆ. ಯಂತ್ರವು ಕಥೆ ಹೇಳುವ ಬಗೆಯನ್ನು ವಿವರಿಸಲು ಅವರು ಆಶ್ರಯಿಸಿದುದು ರಷ್ಯದ ವ್ಲಾದಿಮಿರ್ ಪ್ರಾಪ್ ಅವರನ್ನು ಮತ್ತು ಆಲ್ಬರ್ಟ್ ಲಾರ್ಡ್ ಅವರನ್ನು. ಪ್ರಾಪ್ 1928ರಲ್ಲಿ ಕಿನ್ನರ ಕಥೆಗಳನ್ನು 31 ಕ್ರಿಯಾಘಟಕಗಳಿಗೆ ಇಳಿಸಿದರು. ಮಿಲ್ಮನ್ ಪ್ಯಾರಿಯವರ ಜೊತೆ ಯುಗೊಸ್ಲಾವಿಯದ ಗಾಯಕರ ನಡುವೆ ಕ್ಷೇತ್ರಕಾರ್ಯ ಮಾಡಿದ ಲಾರ್ಡ್, 1960ರ 'ದಿ ಸಿಂಗರ್ ಆಫ್ ಟೇಲ್ಸ್' ಗ್ರಂಥದಲ್ಲಿ ಮಹಾಕಾವ್ಯದ ಗಾಯಕರು ಕಂಠಪಾಠ ಮಾಡಿ ಒಪ್ಪಿಸುವುದಿಲ್ಲ, ಸೂತ್ರಗಳ ನೆರವಿನಿಂದ ಪ್ರತಿ ಸಲವೂ ಕಟ್ಟುತ್ತಾರೆ ಎಂದು ತೋರಿಸಿದರು. ಮರ್ರಿಯವರಿಗೆ ಇದು ಗಣಕಯಂತ್ರದ ರೂಪಕವಾಗಿ ಕಂಡಿತು: ಸೂತ್ರಗಳನ್ನೂ ಜೋಡಣೆಯ ನಿಯಮಗಳನ್ನೂ ಕೊಟ್ಟರೆ ಯಂತ್ರವೂ ಒಂದು ಕಥೆಯ ಹಲವು ರೂಪಗಳನ್ನು ಕಟ್ಟಬಲ್ಲದು. ಹೋಲಿಕೆ ಆಕರ್ಷಕವಾದುದೇ. ಆದರೆ ಲಾರ್ಡ್ ಅವರ ಅಧ್ಯಯನದಲ್ಲಿ ಸೂತ್ರಗಳಷ್ಟೇ ಮುಖ್ಯವಾದುದು ಕೇಳುಗರು. ಅವರು ಎದ್ದು ಹೋಗಬಲ್ಲರು, ಆಕಳಿಸಬಲ್ಲರು, ಇನ್ನೊಮ್ಮೆ ಹೇಳೆನ್ನಬಲ್ಲರು. ಗಾಯಕರು ಕಥೆಯನ್ನು ಅದಕ್ಕೆ ತಕ್ಕಂತೆ ಹಿಗ್ಗಿಸುತ್ತಾರೆ, ಕುಗ್ಗಿಸುತ್ತಾರೆ. ಮಂಟೇಸ್ವಾಮಿ ಕಾವ್ಯವನ್ನು ಹಾಡುವ ನೀಲಗಾರರು ರಾತ್ರಿಯ ಉದ್ದ, ಹಾಡಿಸುವವರ ಹರಕೆ, ನೆರೆದವರ ಆಸಕ್ತಿಗಳನ್ನು ನೋಡಿ ಯಾವ ಸಾಲನ್ನು ಹಿಡಿಯಬೇಕು, ಎಲ್ಲಿ ನಿಲ್ಲಿಸಬೇಕು ಎಂದು ನಿರ್ಧರಿಸುತ್ತಾರೆ. ಯಂತ್ರಕ್ಕೆ ಈ ಕಿವಿ ಇಲ್ಲ. ಹಾಗಾಗಿ ಗಾಯಕರ ಸ್ಥಾನದಲ್ಲಿ ಯಂತ್ರವನ್ನು ಕೂರಿಸಿದ ಮರ್ರಿಯವರ ಹೋಲಿಕೆ ತಲೆಕೆಳಗಾಗಿದೆ ಎನ್ನಬೇಕಾಗುತ್ತದೆ. ಗೇಮ್‌ನಲ್ಲಿ ಪ್ರದರ್ಶನಕಾರರು ಯಾರೆಂದರೆ ಆಡುವವರು.

ಆಡುವವರ ಸ್ಥಿತಿಯನ್ನು ಅರಿಯಲು ಕನ್ನಡದಲ್ಲಿ ಹೆಚ್ಚು ಒದಗಿಬರುವ ಪ್ರಕಾರ ತಾಳಮದ್ದಳೆ. ಪ್ರಸಂಗದ ಪದ್ಯಗಳು ಅಚ್ಚಾಗಿವೆ. ಭಾಗವತರು ಪದ್ಯ ಹಾಡುತ್ತಾರೆ, ಅರ್ಥಧಾರಿ ಅದಕ್ಕೆ ಅರ್ಥ ಹೇಳುತ್ತಾರೆ. ಕರ್ಣ ಸಾಯಲೇಬೇಕು, ವಾಲಿ ಬೀಳಲೇಬೇಕು. ಯಾವ ಅರ್ಥಧಾರಿಯೂ ಇದನ್ನು ತಪ್ಪಿಸಲಾರರು. ಆದರೆ ವಾಲಿ ಯಾವ ನ್ಯಾಯವನ್ನು ಕೇಳಿ ಬೀಳುತ್ತಾನೆ, ರಾಮನನ್ನು ಎಷ್ಟು ಹೊತ್ತು ಉತ್ತರವಿಲ್ಲದೆ ನಿಲ್ಲಿಸುತ್ತಾನೆ ಎಂಬುದು ಆ ರಾತ್ರಿಯ, ಆ ಅರ್ಥಧಾರಿಯ ಸೃಷ್ಟಿ. ಶೇಣಿ ಗೋಪಾಲಕೃಷ್ಣ ಭಟ್ಟರಂಥವರ ಅರ್ಥಗಾರಿಕೆಯನ್ನು ಜನ ಕೇಳಲು ಬರುತ್ತಿದ್ದುದು ಕಥೆಯ ಅಂತ್ಯ ತಿಳಿಯದೆ ಅಲ್ಲ. ಬಹುಪಾಲು ಕಥಾಪ್ರಧಾನ ಗೇಮ್‌ಗಳಲ್ಲೂ ಅಂತ್ಯ ಮೊದಲೇ ಗೊತ್ತುಪಡಿಸಿದ್ದು. ಅಲ್ಲಿಗೆ ತಲುಪುವ ನಡೆ, ತಡೆ, ಹಿಂಜರಿಕೆ, ಅಡ್ಡದಾರಿಗಳು ಆಡುವವರವು. ಈ ನಡುವಿನ ಜಾಗವೇ ಅಭ್ಯಾಸಯೋಗ್ಯವಾದ ಪಠ್ಯ. ಪ್ರಸಂಗದ ಪುಸ್ತಕವನ್ನು ಓದಿ ತಾಳಮದ್ದಳೆಯನ್ನು ವಿಮರ್ಶಿಸಲು ಹೇಗೆ ಬರುವುದಿಲ್ಲವೋ ಹಾಗೆ ಗೇಮ್‌ನ ಕಥಾಸಾರವನ್ನು ಓದಿ ಗೇಮನ್ನು ವಿಮರ್ಶಿಸಲು ಬರುವುದಿಲ್ಲ.

ಹೋಲಿಕೆಯನ್ನು ಇಲ್ಲಿಗೇ ನಿಲ್ಲಿಸುವುದು ಕ್ಷೇಮ. ಅರ್ಥಧಾರಿಯ ಎದುರು ಇನ್ನೊಬ್ಬ ಅರ್ಥಧಾರಿ ಕುಳಿತಿರುತ್ತಾರೆ. ಅನಿರೀಕ್ಷಿತ ಪ್ರಶ್ನೆಗೆ ಅನಿರೀಕ್ಷಿತ ಉತ್ತರ ಬರುತ್ತದೆ. ಗೇಮ್‌ನಲ್ಲಿ ಆಡುವವರು ಏನೇ ಮಾಡಿದರೂ ಅದಕ್ಕೆ ಉತ್ತರವನ್ನು ಯಾರೋ ಮೊದಲೇ ಬರೆದಿಟ್ಟಿರಬೇಕು. ಇಲ್ಲದಿದ್ದರೆ ಯಂತ್ರ ಮೌನವಾಗಿರುತ್ತದೆ. ಜೂಲ್ಸ್ ವರ್ನ್ ಅವರ ಕಾದಂಬರಿಯನ್ನು ಆಧರಿಸಿ 2014ರಲ್ಲಿ ಬಂದ '80 ಡೇಸ್' ಎಂಬ ಗೇಮ್ ಲಕ್ಷಾಂತರ ಪದಗಳ ಬರವಣಿಗೆಯಿಂದ ಕೂಡಿದೆ. ಒಂದು ಸಲದ ಪ್ರಯಾಣದಲ್ಲಿ ಅದರ ಸಣ್ಣ ಪಾಲು ಮಾತ್ರ ಕಣ್ಣಿಗೆ ಬೀಳುತ್ತದೆ. ಆದರೂ ಅದು ದೊಡ್ಡದಾದ ಮುಚ್ಚಿದ ಕೋಣೆಯೇ.

ಈ ಸಾಧ್ಯತೆ ಮತ್ತು ಮಿತಿಗಳೆರಡೂ ಒಂದೇ ಕಡೆ ಕಾಣಸಿಗುವ ಕೃತಿ 2014ರ ನವೆಂಬರ್‌ನಲ್ಲಿ ಬಿಡುಗಡೆಯಾದ 'ನೆವರ್ ಅಲೋನ್'. ಇದರ ಇನ್ನೊಂದು ಹೆಸರು 'ಕಿಸಿಮಾ ಇಂಗಿಚುನಾ'. ಅಲಾಸ್ಕಾದ ಮೂಲನಿವಾಸಿಗಳಾದ ಇನ್ಯೂಪಿಯಾಟ್ ಜನರ ಮೌಖಿಕ ಕಥೆಯೊಂದನ್ನು ಆಧರಿಸಿದ ಈ ಗೇಮ್, ಆಂಕರೇಜ್ ನಗರದ ಕುಕ್ ಇನ್ಲೆಟ್ ಟ್ರೈಬಲ್ ಕೌನ್ಸಿಲ್ ಎಂಬ ಮೂಲನಿವಾಸಿಗಳ ಸಂಸ್ಥೆ ಮತ್ತು ಈ-ಲೈನ್ ಮೀಡಿಯಾ ಎಂಬ ಕಂಪನಿಯ ಸಹಯೋಗದಲ್ಲಿ ಸಿದ್ಧವಾಯಿತು. ಬರವಣಿಗೆಯಲ್ಲಿ ಪ್ರಧಾನ ಪಾತ್ರ ವಹಿಸಿದ ಇಶ್ಮಾಯೆಲ್ ಹೋಪ್ ಸ್ವತಃ ಮೂಲನಿವಾಸಿ ಸಮುದಾಯದ ಕಥೆಗಾರರು. 2015ರಲ್ಲಿ ಬ್ರಿಟನ್ನಿನ ಬಾಫ್ಟಾ ಸಂಸ್ಥೆ ಇದಕ್ಕೆ ಚೊಚ್ಚಲ ಗೇಮ್ ಪ್ರಶಸ್ತಿಯನ್ನು ನೀಡಿತು. ಆಧಾರವಾದ 'ಕುನೂಕ್‌ಸಾಯುಕ' ಎಂಬ ಕಥೆಯನ್ನು ಹೇಳಿದವರು ರಾಬರ್ಟ್ ನಸ್ರುಕ್ ಕ್ಲೀವ್‌ಲ್ಯಾಂಡ್ ಎಂಬ ಹಿರಿಯ ಕಥೆಗಾರರು. ಎಡೆಬಿಡದ ಹಿಮಬಿರುಗಾಳಿಯ ಮೂಲವನ್ನು ಹುಡುಕುತ್ತ ಒಬ್ಬ ಹುಡುಗ ಹೋಗುತ್ತಾನೆ. ದೂರದಲ್ಲಿ ಒಬ್ಬಾತ ಬಾಚಿಯಿಂದ ಹಿಮವನ್ನು ಕೊಚ್ಚಿ ಹಾರಿಸುತ್ತಿರುತ್ತಾನೆ. ಹುಡುಗ ಆ ಬಾಚಿಯನ್ನು ಕಸಿದು ತರುತ್ತಾನೆ. ಕಥೆಯ ಚೌಕಟ್ಟು ಇಷ್ಟೇ.

ಗೇಮ್‌ನಲ್ಲಿ ಹುಡುಗನ ಬದಲು ನೂನಾ ಎಂಬ ಹುಡುಗಿ ಬಂದಳು, ಅವಳಿಗೆ ಜೊತೆಯಾಗಿ ಬಿಳಿಯ ಹಿಮನರಿ ಬಂತು. ಪುಟ್ಟ ಮನುಷ್ಯರು, ಆಗಸದ ಬೆಳಕಿನಲ್ಲಿ ಕುಣಿಯುತ್ತ ಮಕ್ಕಳನ್ನು ಎಳೆದೊಯ್ಯುವ ಆತ್ಮಗಳು ಮೊದಲಾದವು ಬೇರೆ ಕಥೆಗಳಿಂದ ಬಂದು ಸೇರಿಕೊಂಡವು. ಮೂಲಕ್ಕೆ ನಿಷ್ಠವಲ್ಲ ಎಂಬ ಆಕ್ಷೇಪವನ್ನು ಇಂಥಲ್ಲಿ ಸುಲಭವಾಗಿ ಎತ್ತಬಹುದು. ಆದರೆ ರಾಮಾಯಣದ ನಿರೂಪಣೆಗಳಲ್ಲಿ ಯಾವುದನ್ನೂ ಮೂಲವೆಂದು ಪೀಠದಲ್ಲಿ ಕೂರಿಸದೆ ಪ್ರತಿಯೊಂದನ್ನೂ ಒಂದು ಹೇಳಿಕೆಯಾಗಿ ಕಾಣಬೇಕೆಂದು ಎ.ಕೆ. ರಾಮಾನುಜನ್ ತೋರಿಸಿಕೊಟ್ಟ ಮೇಲೆ ಈ ಆಕ್ಷೇಪಕ್ಕೆ ಜಾನಪದದಲ್ಲಿ ತೂಕವಿಲ್ಲ. ಕೇಳಬೇಕಾದ ಪ್ರಶ್ನೆ ಬೇರೆ: ಬದಲಾಯಿಸುವ ಅಧಿಕಾರ ಯಾರಿಂದ ಬಂತು? ಕ್ಲೀವ್‌ಲ್ಯಾಂಡ್ ಅವರ ಮಗಳು ಮಿನ್ನೀ ಗ್ರೇ ಅವರನ್ನು ಕಂಡು, ಅವರ ಅನುಮತಿ ಪಡೆದು ನಿರ್ಮಾಪಕರು ಮುಂದುವರಿದರು. ಸುಮಾರು 40 ಮಂದಿ ಹಿರಿಯರು, ಕಥೆಗಾರರು ಹಾಗೂ ಸಮುದಾಯದ ಇತರರು ಈ ಕೆಲಸದಲ್ಲಿ ಭಾಗಿಯಾದರೆಂದು ನಿರ್ಮಾಪಕರು ತಿಳಿಸಿದ್ದಾರೆ. ನಿರೂಪಣೆ ಇನ್ಯೂಪಿಯಾಕ್ ಭಾಷೆಯಲ್ಲೇ ಇದೆ. ಇತರ ಭಾಷೆಗಳು ತೆರೆಯ ಕೆಳಗಿನ ಅಕ್ಷರಗಳಾಗಿ ಮಾತ್ರ ಬರುತ್ತವೆ. ಜಗತ್ತಿನ ಮಾರುಕಟ್ಟೆಗೆ ಹೋಗುವ ವಸ್ತುವಿನಲ್ಲಿ ಸಣ್ಣ ಸಮುದಾಯವೊಂದರ ನುಡಿಯನ್ನು ಹೀಗೆ ಕಥೆಗಾರರ ಪೀಠದಲ್ಲಿ ಉಳಿಸಿಕೊಂಡುದು ಸಾಮಾನ್ಯ ಸಂಗತಿಯಲ್ಲ.

ಈ ಗೇಮ್‌ನ ಸಾಹಿತ್ಯಗುಣವನ್ನು ಅದರ ಮಾತುಗಳಲ್ಲಿ ಹುಡುಕಿದರೆ ಸ್ವಲ್ಪ ಸಿಗುತ್ತದೆ. ನಿಯಮಗಳಲ್ಲಿ ಹುಡುಕಿದರೆ ಹೆಚ್ಚು ಸಿಗುತ್ತದೆ. ನೂನಾ ಹಗ್ಗ ಹಿಡಿದು ಏರಬಲ್ಲಳು, ಭಾರವನ್ನು ತಳ್ಳಬಲ್ಲಳು, ಬೋಲಾ ಎಂಬ ಆಯುಧವನ್ನು ಎಸೆಯಬಲ್ಲಳು. ನರಿ ಕಡಿದಾದ ಗೋಡೆಯನ್ನು ಹತ್ತಬಲ್ಲದು, ಕಿರಿದಾದ ಸಂದಿಯಲ್ಲಿ ನುಸುಳಬಲ್ಲದು. ಎಲ್ಲಕ್ಕಿಂತ ಮುಖ್ಯವಾಗಿ, ನರಿ ಹತ್ತಿರವಿದ್ದರೆ ಮಾತ್ರ ಸಹಾಯಕ ಆತ್ಮಗಳು ಕಾಣಿಸಿಕೊಂಡು ಕಾಲೂರಲು ಜಾಗ ಕೊಡುತ್ತವೆ. ಒಬ್ಬರೇ ಮುಂದೆ ಹೋಗುವುದು ಅಸಾಧ್ಯ. ಇಬ್ಬರಲ್ಲಿ ಯಾರು ಸತ್ತರೂ ಇಬ್ಬರೂ ಹಿಂದಕ್ಕೆ. ಗೇಮ್‌ನ ಹೆಸರು ಹೇಳುವ ಮಾತನ್ನು ಇಲ್ಲಿ ಯಾರೂ ಬಾಯಿಬಿಟ್ಟು ಉಪದೇಶಿಸಬೇಕಾಗಿಲ್ಲ. ಬಿರುಗಾಳಿಯ ನಿಯಮವೂ ಹಾಗೆಯೇ. ಗಾಳಿ ಎದುರಿನಿಂದ ರಭಸವಾಗಿ ಬೀಸಿದಾಗ ಓಡುವವರನ್ನು ಅದು ಹಿಂದಕ್ಕೆ ಎತ್ತಿ ಎಸೆಯುತ್ತದೆ. ನೆಲಕ್ಕೆ ಕುಗ್ಗಿ, ಅದು ತಗ್ಗುವವರೆಗೆ ಕಾದು, ಮತ್ತೆ ನಾಲ್ಕು ಹೆಜ್ಜೆ ಇಡಬೇಕು. ವೇಗವನ್ನೇ ಕೌಶಲವೆಂದು ಕಲಿಸಿದ ಎಷ್ಟೋ ಗೇಮ್‌ಗಳ ನಡುವೆ ಇದು ಕಾಯುವುದನ್ನು ಕೌಶಲವೆಂದು ಕಲಿಸುತ್ತದೆ. ಉತ್ತರ ಧ್ರುವ ಪ್ರದೇಶದಲ್ಲಿ ಬದುಕುವವರ ವಿವೇಕ ಬೆರಳ ತುದಿಗೆ ಇಳಿಯುವ ಬಗೆ ಇದು.

ನಡುವೆ ಒಂದೆಡೆ ನರಿ ಸಾಯುತ್ತದೆ. ಸ್ವಲ್ಪ ಹೊತ್ತಿನ ಬಳಿಕ ಹುಡುಗನೊಬ್ಬನ ರೂಪದ ಆತ್ಮವಾಗಿ ಹಿಂದಿರುಗಿ, ಗಾಳಿಯಲ್ಲಿ ತೇಲುತ್ತ ನೂನಾಳ ಜೊತೆಗಿರುತ್ತದೆ. ಆಡುವವರಿಗೆ ನರಿಯ ಓಟ, ನೆಗೆತಗಳು ಅದುವರೆಗೆ ಕೈಗೆ ರೂಢಿಯಾಗಿರುತ್ತವೆ. ಹೊಸ ರೂಪಕ್ಕೆ ಆ ನೆಗೆತವಿಲ್ಲ. ಜೊತೆಗಾರ ಉಳಿದಿದ್ದಾನೆ, ಆದರೆ ಅದೇ ಜೊತೆಗಾರನಲ್ಲ ಎಂಬುದನ್ನು ಕಣ್ಣಿಗಿಂತ ಮೊದಲು ಕೈ ತಿಳಿಯುತ್ತದೆ. ಮರಣವನ್ನು ಹೇಳುವ ಅನೇಕ ಜನಪದ ಕಥೆಗಳಲ್ಲಿ ಬರುವ ರೂಪಾಂತರದ ಆಶಯ ಇಲ್ಲಿ ಪ್ರದರ್ಶನದ ಅಭ್ಯಾಸದೊಳಗೇ ಸೇರಿಹೋಗಿರುವುದು ಈ ಕೃತಿಯ ಅತ್ಯಂತ ಸಮರ್ಥ ಭಾಗ.

ದುರ್ಬಲವಾದ ಭಾಗವೂ ಇದೆ. ಇನ್ಯೂಪಿಯಾಟ್ ಬದುಕು, ನಂಬಿಕೆ, ಬೇಟೆ, ಹವಾಮಾನ ಬದಲಾವಣೆಗಳನ್ನು ಕುರಿತು ಸಮುದಾಯದವರೇ ಮಾತನಾಡುವ ಇಪ್ಪತ್ತಕ್ಕೂ ಹೆಚ್ಚು ಕಿರುಚಿತ್ರಗಳು ಗೇಮ್‌ನೊಳಗಿವೆ. ದಾರಿಯಲ್ಲಿ ಕೆಲವೆಡೆ ಗೂಬೆಯನ್ನು ಕಂಡುಹಿಡಿದರೆ ಅವು ಒಂದೊಂದಾಗಿ ತೆರೆದುಕೊಳ್ಳುತ್ತವೆ. ಬಿಡಿಯಾಗಿ ಅವು ಅಮೂಲ್ಯವಾದ ದಾಖಲೆಗಳು. ಆದರೆ ಅವನ್ನು ನೋಡಲು ಆಟವನ್ನು ನಿಲ್ಲಿಸಬೇಕು. ನೋಡದೆಯೂ ಆಟವನ್ನು ಮುಗಿಸಬಹುದು. ಸಂಸ್ಕೃತಿಯು ಬಹುಮಾನವಾಗಿ, ಅಡಿಟಿಪ್ಪಣಿಯಾಗಿ ಆಟದ ಹೊರಗೆ ನಿಂತುಬಿಡುತ್ತದೆ. ಕಥೆ ಕೇಳುವಾಗ ಮಗು ನಡುವೆ ಪ್ರಶ್ನೆ ಕೇಳಿದರೆ ಅಜ್ಜಿ ಕಥೆಯ ಒಳಗಿನಿಂದಲೇ ಉತ್ತರಿಸುವುದುಂಟು. ಇಲ್ಲಿ ಪ್ರಶ್ನೆಗೆ ಅವಕಾಶವಿಲ್ಲದೆ ಉತ್ತರ ಮಾತ್ರ ದೊರೆಯುತ್ತದೆ. ಒಬ್ಬರೇ ಆಡುವಾಗ ಯಂತ್ರವೇ ನಡೆಸುವ ಜೊತೆಗಾರ ಎಷ್ಟೋ ಸಲ ಸರಿಯಾದ ಹೊತ್ತಿಗೆ ಬಾರದೆ ಸಾವಿಗೆ ಕಾರಣವಾಗುತ್ತಾನೆ ಎಂಬ ದೂರೂ ವಿಮರ್ಶಕರಿಂದ ಬಂದಿತ್ತು. ಪರಸ್ಪರ ಆಸರೆಯನ್ನೇ ಅರ್ಥವಾಗಿ ಹೊತ್ತ ಕೃತಿಯಲ್ಲಿ ಇದನ್ನು ಕೇವಲ ತಾಂತ್ರಿಕ ದೋಷವೆಂದು ಬಿಡಲಾಗದು. ಅಪಸ್ವರ ಶ್ರುತಿಯಲ್ಲೇ ಇದ್ದಂತೆ.

ಬೋಧನೆಯ ಪ್ರಶ್ನೆ ಇನ್ನಷ್ಟು ತೊಡಕಿನದು. ಕಾದಂಬರಿಯ ಮೂವತ್ತನೆಯ ಪುಟ ಅರ್ಥವಾಗದಿದ್ದರೂ ಮೂವತ್ತೊಂದನೆಯ ಪುಟವನ್ನು ಮಗುಚಬಹುದು. ಗೇಮ್‌ನ ಸೇತುವೆಯನ್ನು ದಾಟಲಾರದ ವಿದ್ಯಾರ್ಥಿಗೆ ಮುಂದಿನ ಪಠ್ಯ ಇಲ್ಲವೇ ಇಲ್ಲ. ಹುಡುಗಾಟಿಕೆಯಿಂದ ಹತ್ತು ವರ್ಷ ಮೊಬೈಲ್ ಹಿಡಿದ ವಿದ್ಯಾರ್ಥಿಗೂ ಎಂದೂ ಹಿಡಿಯದ ವಿದ್ಯಾರ್ಥಿನಿಗೂ ಒಂದೇ ತರಗತಿಯಲ್ಲಿ ಒಂದೇ ಪಠ್ಯ ಸಿಗುವುದಿಲ್ಲ. ಇತರರು ಆಡಿದ್ದರ ದೃಶ್ಯಮುದ್ರಣವನ್ನು ನೋಡುವುದು ಪರಿಹಾರವೆಂದು ಕೆಲವರು ಸೂಚಿಸುತ್ತಾರೆ. ಕ್ಷೇತ್ರಕಾರ್ಯದ ಧ್ವನಿಮುದ್ರಣವನ್ನು ಕೇಳಿ ಹಾಡಿಕೆಯನ್ನು ಅರಿತಂತೆ ಅದು. ಉಪಯುಕ್ತ, ಆದರೆ ಅದೇ ಅಲ್ಲ. ಇದಕ್ಕಿಂತ ಜಾನಪದ ವಿಭಾಗಗಳಿಗೆ ಸಹಜವಾದ ದಾರಿಯೊಂದಿದೆ. ಮೂರು ನಾಲ್ಕು ಗಂಟೆಗಳಲ್ಲಿ ಮುಗಿಯುವ 'ನೆವರ್ ಅಲೋನ್'ನಂಥ ಗೇಮನ್ನು ತರಗತಿಯಲ್ಲಿ ಇಬ್ಬರು ಆಡಬೇಕು, ಉಳಿದವರು ಕ್ಷೇತ್ರಕಾರ್ಯದಲ್ಲಿರುವಂತೆ ಟಿಪ್ಪಣಿ ಮಾಡಿಕೊಳ್ಳಬೇಕು. ತೆರೆಯ ಮೇಲಿನದನ್ನಷ್ಟೇ ಬರೆದುಕೊಂಡರೆ ಸಾಲದು. ಆಡುವವರ ಉದ್ಗಾರ, ಜಗಳ, ಒಬ್ಬರಿಗೊಬ್ಬರು ಕೊಟ್ಟ ಸೂಚನೆ, ನೋಡುವವರ ನಗು ಎಲ್ಲವೂ ಟಿಪ್ಪಣಿಗೆ ಬರಬೇಕು. ಮರುದಿನ ಬೇರೆ ಇಬ್ಬರು ಅದೇ ಭಾಗವನ್ನು ಆಡಬೇಕು. ಎರಡೂ ದಾಖಲೆಗಳನ್ನು ಎದುರುಬದುರು ಇಟ್ಟಾಗ ಏನು ಬದಲಾಯಿತು, ಏನು ಬದಲಾಗಲಿಲ್ಲ ಎಂಬ ಪಾಠಾಂತರದ ಪ್ರಶ್ನೆ ತಾನಾಗಿ ಏಳುತ್ತದೆ.

ಆಗ ಗಮನಕ್ಕೆ ಬರುವ ಒಂದು ವಿಷಯ ಮಹತ್ವದ್ದು. ಕಥೆಯಲ್ಲಿ ನೂನಾ ಸಾಯುವುದಿಲ್ಲ. ಆಟದಲ್ಲಿ ಅವಳು ನೀರಿಗೆ ಬಿದ್ದು, ಹಿಮಕರಡಿಗೆ ಸಿಕ್ಕಿ ಹತ್ತಾರು ಸಲ ಸಾಯುತ್ತಾಳೆ. ಈ ಸಾವುಗಳು ಕಥೆಗೆ ಸೇರಿದವೇ? ನಿರೂಪಕರ ದನಿ ಅವನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಆದರೆ ಆಟ ಮುಗಿಸಿದವರು ಗೆಳೆಯರಿಗೆ ಹೇಳುವ ಕಥೆಯಲ್ಲಿ ಮೊದಲು ಬರುವುದು ಅವೇ, ಅದೂ ಉತ್ತಮಪುರುಷದಲ್ಲಿ: ಕರಡಿಯ ಹತ್ತಿರ ನಾನು ಮೂರು ಸಲ ಸತ್ತೆ ಎಂದು. ಗೇಮ್‌ನಿಂದ ಹುಟ್ಟುವ ಈ ಮೌಖಿಕ ಕಥನವನ್ನು ಸಂಗ್ರಹಿಸುವ ತರಬೇತಿ ಸಾಹಿತ್ಯ ವಿಭಾಗಗಳಿಗೂ ತಂತ್ರಜ್ಞಾನ ವಿಭಾಗಗಳಿಗೂ ಇಲ್ಲ. ಜಾನಪದ ವಿಭಾಗಗಳಿಗೆ ಇದೆ. ಬರೆದಿಟ್ಟ ಕಥೆಯೇ ಇಲ್ಲವೆನ್ನಬಹುದಾದ ಪಬ್‌ಜಿಯಂಥ ಆಟ 2020ರ ಸೆಪ್ಟೆಂಬರ್‌ನಲ್ಲಿ ಭಾರತದಲ್ಲಿ ನಿಷೇಧಕ್ಕೊಳಗಾಗುವವರೆಗೂ, ಅದರ ಬದಲಿ ರೂಪ 2021ರಲ್ಲಿ ಬಂದ ಬಳಿಕವೂ, ಯುವಕರ ಮಾತಿನಲ್ಲಿ ಬೇಟೆಯ ಕಥೆಗಳಂತೆ ವರ್ಣನೆಗೊಳ್ಳುತ್ತಿದ್ದುದನ್ನು ಹಾಸ್ಟೆಲ್‌ಗಳಲ್ಲಿ, ಬಸ್ ನಿಲ್ದಾಣಗಳಲ್ಲಿ ಯಾರು ಬೇಕಾದರೂ ಕೇಳಬಹುದಿತ್ತು. ಅದರ ಗಂಭೀರ ಸಂಗ್ರಹ ವಿರಳ. ಭಾರತೀಯ ಸಂದರ್ಭದಲ್ಲಿ ಗೇಮ್ ಮತ್ತು ಕಥನದ ಸಂಬಂಧವನ್ನು ಕುರಿತು ಸೌವಿಕ್ ಮುಖರ್ಜಿಯವರು 2015ರ 'ವಿಡಿಯೋ ಗೇಮ್ಸ್ ಅಂಡ್ ಸ್ಟೋರಿಟೆಲಿಂಗ್' ಮೊದಲಾದ ಗ್ರಂಥಗಳಲ್ಲಿ ಮಹತ್ವದ ಕೆಲಸ ಮಾಡಿದ್ದಾರೆ. ಜಾನಪದದ ಕ್ಷೇತ್ರವಿಧಾನ ಅದಕ್ಕೆ ಪೂರಕವಾಗಬಲ್ಲದು.

ರಚನೆಯ ಅಭ್ಯಾಸವೂ ಪಾಠದ ಭಾಗವಾಗಬಹುದು. 2009ರಲ್ಲಿ ಕ್ರಿಸ್ ಕ್ಲಿಮಾಸ್ ರೂಪಿಸಿದ 'ಟ್ವೈನ್' ಎಂಬ ಉಚಿತ ತಂತ್ರಾಂಶದಲ್ಲಿ ಕವಲೊಡೆಯುವ ಕಥೆಯನ್ನು ಕನ್ನಡ ಅಕ್ಷರಗಳಲ್ಲೇ ಕಟ್ಟಬಹುದು. ರಾಮಾನುಜನ್ ಸಂಗ್ರಹಿಸಿದ, ಹೂವಿನ ಗಿಡವಾಗುವ ಹುಡುಗಿಯ ಕಥೆಯನ್ನು ಹೀಗೆ ಕಟ್ಟಲು ಹೊರಟ ವಿದ್ಯಾರ್ಥಿ ಬೇಗ ಒಂದು ತೊಡಕಿಗೆ ಸಿಲುಕುತ್ತಾರೆ. ಆ ಹುಡುಗಿಗೆ ಮುಂದಿಡಬಹುದಾದ ಆಯ್ಕೆಗಳೇ ಕಡಿಮೆ. ಗಿಡವಾಗೆಂದು ಬೇರೆಯವರು ಒತ್ತಾಯಿಸುತ್ತಾರೆ, ಕೊಂಬೆ ಮುರಿಯುವವರೂ ಬೇರೆಯವರು. ಎಲ್ಲ ಕವಲುಗಳನ್ನೂ ಅವಳ ಕೈಗೆ ಕೊಟ್ಟರೆ ಕಥೆಯ ನೋವೇ ಇಲ್ಲವಾಗುತ್ತದೆ. ಆಯ್ಕೆ ಹೆಚ್ಚಾದಷ್ಟೂ ಕೃತಿ ಶ್ರೇಷ್ಠ ಎಂಬ, ಗೇಮ್ ಜಾಹೀರಾತುಗಳಲ್ಲಿ ಮೆರೆಯುವ ನಂಬಿಕೆಯನ್ನು ಪರೀಕ್ಷಿಸಲು ಇದಕ್ಕಿಂತ ಒಳ್ಳೆಯ ಅಭ್ಯಾಸ ಸಿಗುವುದು ಕಷ್ಟ.

ಇವೆಲ್ಲಕ್ಕೂ ಕೃತಿ ಕೈಗೆ ಸಿಗಬೇಕು. ಗ್ರಂಥಾಲಯಗಳ ಸಮಸ್ಯೆ ಆರಂಭವಾಗುವುದು ಇಲ್ಲಿ. 2023ರಲ್ಲಿ ಅಮೆರಿಕದ ವಿಡಿಯೋ ಗೇಮ್ ಹಿಸ್ಟರಿ ಫೌಂಡೇಶನ್ ನಡೆಸಿದ ಸಮೀಕ್ಷೆಯ ಪ್ರಕಾರ, 2010ಕ್ಕಿಂತ ಮೊದಲು ಅಲ್ಲಿ ಬಿಡುಗಡೆಯಾದ ಗೇಮ್‌ಗಳಲ್ಲಿ ಶೇ. 87ರಷ್ಟು ಮಾರುಕಟ್ಟೆಯಲ್ಲಿ ಲಭ್ಯವಿರಲಿಲ್ಲ. 2014ರಲ್ಲಿ ಬಂದ 'ಪಿ.ಟಿ.' ಎಂಬ ಕಿರು ಗೇಮನ್ನು ಅದರ ಪ್ರಕಾಶಕರೇ ಮರುವರ್ಷ ಹಿಂತೆಗೆದುಕೊಂಡ ಮೇಲೆ, ಅದನ್ನು ಮೊದಲೇ ಇಳಿಸಿಕೊಂಡಿದ್ದ ಯಂತ್ರಗಳಲ್ಲಿ ಮಾತ್ರ ಅದು ಉಳಿಯಿತು. ತಮ್ಮಲ್ಲಿರುವ ಹಳೆಯ ಗೇಮ್‌ಗಳನ್ನು ಸಂಶೋಧಕರಿಗೆ ದೂರದಿಂದ ಒದಗಿಸಲು ಗ್ರಂಥಾಲಯಗಳಿಗೆ ವಿನಾಯಿತಿ ಬೇಕೆಂಬ ಕೋರಿಕೆಯನ್ನು ಅಮೆರಿಕದ ಹಕ್ಕುಸ್ವಾಮ್ಯ ಕಚೇರಿ 2024ರ ಅಕ್ಟೋಬರ್‌ನಲ್ಲಿ ಒಪ್ಪಲಿಲ್ಲ. ಸ್ಪೂಲ್ ಟೇಪುಗಳಲ್ಲಿ, ಕ್ಯಾಸೆಟ್ಟುಗಳಲ್ಲಿ ಹಾಡಿಕೆಯನ್ನು ಸಂಗ್ರಹಿಸಿ, ಆ ಟೇಪುಗಳನ್ನು ನುಡಿಸುವ ಯಂತ್ರವೇ ಸಿಗದ ಸ್ಥಿತಿಯನ್ನು ಕಂಡ ಜಾನಪದ ಸಂಗ್ರಹಾಲಯಗಳಿಗೆ ಇದು ಅಪರಿಚಿತ ಸಂಕಟವಲ್ಲ. ಗೇಮ್‌ನ ಕಡತವನ್ನು ಕಾಪಾಡುವುದು ಅಸಾಧ್ಯವಾದಾಗಲೂ ಆಡಿದ್ದರ ದೃಶ್ಯಮುದ್ರಣ, ಆಡಿದವರ ಮಾತು, ತರಗತಿಯ ಟಿಪ್ಪಣಿ ಇವನ್ನು ಕಾಪಾಡಬಹುದು. ಪ್ರಸಂಗದ ಹಸ್ತಪ್ರತಿ ಹೋದ ಮೇಲೂ ಆಡಿದ ರಾತ್ರಿಯ ವಿವರ ದಾಖಲೆಯಾಗಿ ನಿಲ್ಲಬಲ್ಲದು.

ಸೂಚೀಕರಣದಲ್ಲಿ ಇನ್ನೊಂದು ತೊಡಕಿದೆ. 'ನೆವರ್ ಅಲೋನ್' ಅನ್ನು ಗ್ರಂಥಾಲಯದ ಸೂಚಿಗೆ ಸೇರಿಸುವಾಗ ಕರ್ತೃವಿನ ಅಂಕಣದಲ್ಲಿ ಬರೆಯುವುದು ಯಾರ ಹೆಸರನ್ನು? ವ್ಯಾಪಾರದ ರೂಢಿಯಂತೆ ಕಂಪನಿಯ ಹೆಸರು ಬರುತ್ತದೆ. ಕ್ಲೀವ್‌ಲ್ಯಾಂಡ್ ಅವರ ಹೆಸರು, ಅನುಮತಿ ಕೊಟ್ಟ ಮಗಳ ಹೆಸರು, ಭಾಷೆಯ ಹೆಸರು ಟಿಪ್ಪಣಿಯ ಅಂಕಣಕ್ಕೂ ಬಾರದಿರುವ ಸಾಧ್ಯತೆಯೇ ಹೆಚ್ಚು. ಕನ್ನಡದ ಜನಪದ ಕಾವ್ಯಸಂಪುಟಗಳ ಮುಖಪುಟಗಳ ಮೇಲೆ ಸಂಪಾದಕರ ಹೆಸರು ದಪ್ಪಕ್ಷರದಲ್ಲಿ ಅಚ್ಚಾಗಿ, ಹಾಡಿದವರ ಹೆಸರು ಎಷ್ಟೋ ಸಲ ಪ್ರಸ್ತಾವನೆಯ ಕೊನೆಯ ಪುಟದಲ್ಲಿ, ಕೆಲವೊಮ್ಮೆ ಅಲ್ಲಿಯೂ ಇಲ್ಲದಂತೆ ಉಳಿದಿದೆ. ಗೇಮ್‌ಗಳಿಗೆಂದು ಹೊಸ ಸೂಚೀಪತ್ರವನ್ನು ರೂಪಿಸುವ ಗ್ರಂಥಾಲಯಗಳು ಅದರಲ್ಲಿ ವಕ್ತೃವಿಗೆಂದು ಒಂದು ಅಂಕಣ ತೆರೆದರೆ, ಹಳೆಯ ಕಾವ್ಯಸಂಪುಟಗಳ ಚೀಟಿಗಳನ್ನೂ ಅದೇ ನಮೂನೆಗೆ ಇಳಿಸಿ ಪುನಃ ಬರೆಯಬೇಕಾಗುತ್ತದೆ.